ಕುಂಬಾರನ ಹೇಳಿಕೆ

"ಗುರುಗಳೇ, ಅಪಘಾತದಲ್ಲಿ ಹೆಂಡತಿ ಸತ್ತರೆ ಗಂಡ ನ್ಯಾಯಾಲಯಕ್ಕೆ ಹೋಗಿ ಪರಿಹಾರ ಕೇಳುವುದು ಸರಿಯೇ? ಸತ್ತವಳಿಗೆ ಬೆಲೆ ಕಟ್ಟಿದಂತಾಗುವುದಿಲ್ಲವೇ?" ಎಂದು ಶಿಷ್ಯ ಕೇಳಿದ. ಅವನು ಸಂಸಾರಸ್ಥ, ವಾರಕ್ಕೊಮ್ಮೆ ಪಾಠಕ್ಕೆ ಬಂದು ಹೋಗುತ್ತಿದ್ದ.

ಗುರುಗಳು ಹೇಳಿದರು:

ಒಬ್ಬ ಕುಂಬಾರನಿದ್ದ. ಅವನ ಹೆಂಡತಿ ಮಡಕೆಯ ಬುಟ್ಟಿ ಹೊತ್ತು ಸಂತೆಗೆ ಹೋಗುತ್ತಿದ್ದಾಗ ಲಾರಿಯೊಂದು ಅವಳ ಮೇಲೆ ಹಾಯಿತು. ಅಲ್ಲೇ ಪ್ರಾಣ ಬಿಟ್ಟಳು. ಊರವರು, "ಅವಳ ಸಾವಿನ ಹಣ ಮುಟ್ಟಬೇಡ" ಎಂದರು. ಕುಂಬಾರನಿಗೂ ಹಾಗೇ ಅನ್ನಿಸಿತ್ತು. ಆದರೆ ಮಗಳು ಬಿಡಲಿಲ್ಲ. "ಕೇಳದೆ ಹೋದರೆ, ಅವ್ವ ಹೋದದ್ದರಿಂದ ನಮಗೇನೂ ನಷ್ಟವಾಗಿಲ್ಲ ಅಂತ ನಾವೇ ಒಪ್ಪಿಕೊಂಡ ಹಾಗಪ್ಪ" ಎಂದಳು. ಕುಂಬಾರ ಅರ್ಜಿ ಹಾಕಿದ.

ವಿಚಾರಣೆಯ ದಿನ ಲಾರಿ ಮಾಲೀಕನ ವಕೀಲ ಎದ್ದು, "ಸ್ವಾಮಿ, ಕಸುಬು ಇವನದು. ಹೆಂಡತಿ ಸುಮ್ಮನೆ ಕೈಜೋಡಿಸುತ್ತಿದ್ದಳು. ಅವಳ ಸಂಪಾದನೆ ಅಂತ ಏನೂ ಇರಲಿಲ್ಲ" ಎಂದ. ಕುಂಬಾರನಿಗೆ ಆ ಮಾತು ತಪ್ಪೆಂದು ತೋರಲಿಲ್ಲ. ಯಾರಾದರೂ ಕೇಳಿದ್ದರೆ ತಾನೂ ಅದನ್ನೇ ಹೇಳುತ್ತಿದ್ದ.

ನ್ಯಾಯಾಧೀಶರು ಅವನತ್ತ ತಿರುಗಿ, "ಬೆಳಗಾದರೆ ಆಕೆ ಏನೇನು ಮಾಡುತ್ತಿದ್ದರು, ಹೇಳಿ" ಎಂದರು.

ಕುಂಬಾರ ತಡವರಿಸುತ್ತ ಶುರುಮಾಡಿದ. ಕೆರೆಯಿಂದ ಮಣ್ಣು ಹೊತ್ತು ತರುತ್ತಿದ್ದಳು. ಕಲ್ಲು ಆರಿಸಿ, ಜರಡಿ ಹಿಡಿದು, ನೀರು ಹಾಕಿ ತುಳಿದು ಹದ ಮಾಡುತ್ತಿದ್ದಳು. ತಾನು ತಿಗರಿ ಚಕ್ರದಿಂದ ಇಳಿಸಿದ ಹಸಿ ಮಡಕೆಗಳನ್ನು ನೆರಳಲ್ಲಿ ಒಣಗಿಸುತ್ತಿದ್ದಳು. ಸುಡಲು ಸೌದೆ ಒಟ್ಟುತ್ತಿದ್ದಳು. ಬೆಂದದ್ದನ್ನು ಸಂತೆಗೆ ಹೊತ್ತು ಮಾರಿ ಬಂದು ಅಡುಗೆಗೆ ಕೂರುತ್ತಿದ್ದಳು. ಒಂದು ಹೇಳಿದರೆ ಇನ್ನೊಂದು ನೆನಪಾಗುತ್ತಿತ್ತು. ಬರೆದುಕೊಳ್ಳುವವನ ಕೈ ಸೋತಿತು. ಕೊನೆಗೆ ಕುಂಬಾರ, "ಸ್ವಾಮಿ, ತಿಗರಿ ತಿರುಗಿಸುವುದೊಂದೇ ನನ್ನ ಕೆಲಸವಾಗಿತ್ತು" ಎಂದು ಕೈಮುಗಿದ. ಅಷ್ಟು ವರ್ಷಗಳಲ್ಲಿ ಅದನ್ನು ಅವನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ನ್ಯಾಯಾಧೀಶರು ಅವಳನ್ನು ದುಡಿಯುವ ಹೆಂಗಸೆಂದೇ ಬರೆಸಿ ಪರಿಹಾರ ಕೊಡಿಸಿದರು. ಕುಂಬಾರ ಸಂಕೋಚವಿಲ್ಲದೆ ಪಡೆದ. ದುಃಖ ಹೋಗಲಿಲ್ಲ, ಮನಸ್ಸು ಹಗುರಾಯಿತು. ಆಮೇಲೆ ಮಡಕೆ ಕೊಳ್ಳಲು ಬಂದವರಿಗೆಲ್ಲ, "ಮಣ್ಣು ಹದ ಮಾಡಿದವಳು ನನ್ನ ಮಗಳು" ಎಂದು ಹೇಳಿಯೇ ಕೊಡುತ್ತಿದ್ದ. ತಂದೆ ಮಗಳು ನೆಮ್ಮದಿಯಾಗಿ ಬಾಳಿದರು.

ಗುರುಗಳು ಮಾತು ನಿಲ್ಲಿಸಿದರು. ಶಿಷ್ಯನಿಗೆ ಕತೆ ಹಿಡಿಸಿತು. "ಪಾಪ, ಹೆಂಡತಿ ಸತ್ತ ಮೇಲಷ್ಟೇ ಅವನಿಗೆ ಅದೆಲ್ಲ ಕಂಡಿತು" ಎಂದ.

ಗುರುಗಳು ನಕ್ಕರು. "ನಿನ್ನಾಕೆ ಬದುಕಿದ್ದಾಳಲ್ಲ, ಬೆಳಗಾದರೆ ಏನೇನು ಮಾಡುತ್ತಾಳೆ, ನೀನು ಹೇಳು ನೋಡೋಣ."