ಕಾರಿನ ಪುಸ್ತಕ ಹುಡುಕಿದವನು

“ಅಜ್ಜಾರ, ಎಲ್ಲಾನೂ ಬಿಡಿಸಿ ಹೇಳೋ ಪುಸ್ತಕ ಯಾವುದ್ರೀ?” ಎಂದು ಚನ್ನವೀರ ಮಠದ ಸ್ವಾಮಿ ಅಜ್ಜನವರನ್ನು ಕೇಳಿದ.

ಮಠಕ್ಕೆ ಬಂದು ಅವನಿಗೆ ಇನ್ನೂ ಒಂದು ದಿನ ತುಂಬಿರಲಿಲ್ಲ. ಬರುವಾಗ ಎರಡು ಚೀಲ ಪುಸ್ತಕ ಹೊತ್ತು ತಂದಿದ್ದ. ಮೂರು ವರ್ಷಗಳಿಂದ ಮಠದಿಂದ ಮಠಕ್ಕೆ ತಿರುಗುತ್ತಿದ್ದ. ಒಂದೊಂದು ಕಡೆ ಒಂದೊಂದು ಗ್ರಂಥ ಹಿಡಿಯುವುದು, ಅರ್ಧಕ್ಕೆ ಬಿಡುವುದು. ಇದಕ್ಕಿಂತ ಒಳ್ಳೆಯದು ಇನ್ನೊಂದು ಊರಲ್ಲಿದೆ ಎಂದು ಯಾರಾದರೂ ಅಂದರೆ ಸಾಕು, ಚೀಲ ಹೆಗಲಿಗೇರುತ್ತಿತ್ತು. ತನ್ನ ಮನಸ್ಸು ಒಂದು ಕಡೆ ನಿಲ್ಲುತ್ತಿಲ್ಲ, ಅದನ್ನು ನಿಲ್ಲಿಸುವ ದಾರಿಯನ್ನು ಯಾರೋ ಎಲ್ಲೋ ಬರೆದಿಟ್ಟಿರಲೇಬೇಕು ಎಂಬುದು ಅವನ ನಂಬಿಕೆ. ಮನೆ ಬಿಟ್ಟ ಬೆಳಿಗ್ಗೆ ಹೆಂಡತಿ ನೀಲವ್ವ ಬಾಗಿಲಲ್ಲಿ ನಿಂತು ಏನೋ ಹೇಳುತ್ತಿದ್ದಳಂತೆ. ಬಸ್ಸು ತಪ್ಪೀತೆಂದು ಇವನು ತಿರುಗಿ ನೋಡದೆ ಬಂದುಬಿಟ್ಟನಂತೆ. ಇದನ್ನು ಅವನೇ ಮಧ್ಯಾಹ್ನ ಪ್ರಸಾದಕ್ಕೆ ಕೂತಾಗ ಅಜ್ಜನವರಿಗೆ ಹೇಳಿದ್ದ, ತನ್ನ ವೈರಾಗ್ಯಕ್ಕೆ ಅದೊಂದು ಸಾಕ್ಷಿ ಎಂಬಂತೆ.

ಇಲ್ಲೂ ಉತ್ತರ ಸಿಗದಿದ್ದರೆ ಮರುದಿನ ಬೆಳಗಿನ ಬಸ್ಸಿಗೆ ಹೊರಡುವುದೆಂದು ನಿಶ್ಚಯಿಸಿದ್ದ. ಕೂತಲ್ಲೇ ಅವನ ಕಾಲು ಅಲುಗುತ್ತಿತ್ತು.

ಅಜ್ಜನವರು ಆ ಕಾಲನ್ನು ನೋಡಿದರು. “ಕುಂತೀಯೋ, ಇನ್ನೂ ನಡೀಲಿಕ್ಕತ್ತೀಯೋ?” ಎಂದು ನಕ್ಕರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಗೃಹಸ್ಥನಿದ್ದ. ಕಚೇರಿಯಲ್ಲಿ ಗುಮಾಸ್ತ, ಮನೆಯಲ್ಲಿ ಮೆಕ್ಯಾನಿಕ್. ತನ್ನ ಕಾರಿಗೆ ಇನ್ನೊಬ್ಬರ ಕೈ ಸೋಕಗೊಡುತ್ತಿರಲಿಲ್ಲ. ಅವನ ಹಳೆಯ ಕಾರಿಗೆ ಒಂದು ದಪ್ಪ ಪುಸ್ತಕವಿತ್ತು. ಯಾವ ನಟ್ಟು ಎಲ್ಲಿ, ಯಾವುದನ್ನು ಮೊದಲು ಬಿಚ್ಚಬೇಕು, ಎಲ್ಲ ಅದರಲ್ಲಿತ್ತು. ಒಮ್ಮೆ ಪುಸ್ತಕ ನೋಡದೆ ಬಿಚ್ಚಿದ. ಮತ್ತೆ ಜೋಡಿಸಿ ಮುಗಿದಾಗ ಅಂಗೈಯಲ್ಲಿ ಮೂರು ನಟ್ಟು ಉಳಿದಿದ್ದವು. ಅಂದಿನಿಂದ ಒಂದು ವ್ರತ ಹಿಡಿದ: ಪುಸ್ತಕ ಕೈಯಲ್ಲಿಲ್ಲದೆ ನಟ್ಟು ಬಿಚ್ಚುವ ಪಾನಾ ಮುಟ್ಟುವುದಿಲ್ಲ. ಒಳ್ಳೆಯ ವ್ರತವೇ. ಅದರಲ್ಲಿ ತಪ್ಪಿರಲಿಲ್ಲ.

ಹಳೆಯದು ಹೋಗಿ ಹೊಸ ಕಾರು ಬಂತು. ಅದನ್ನು ಓಡಿಸುತ್ತಿದ್ದವಳು ಅವನ ಹೆಂಡತಿ. ಆಕೆ ಮೂವತ್ತು ಮೈಲಿ ಆಚೆಯ ಹಳ್ಳಿಯಲ್ಲಿ ಶಾಲೆ ಟೀಚರು. ಆ ಕಡೆಗೆ ಇದ್ದದ್ದು ಒಂದೇ ಬಸ್ಸು, ಅದೂ ಶಾಲೆಯ ಗಂಟೆ ಹೊಡೆದ ಮೇಲೆ ಮುಟ್ಟುವಂಥದ್ದು. ಯುಗಾದಿ ಕಳೆದ ಮೇಲೆ ಕಾರು ತಂಟೆ ತೆಗೆಯಿತು. ಇದ್ದಕ್ಕಿದ್ದಂತೆ ನಡುಗಿ ನಡುದಾರಿಯಲ್ಲಿ ನಿಂತುಬಿಡುವುದು. ಒಂದಿಷ್ಟು ಹೊತ್ತಾದ ಮೇಲೆ ಏನೂ ಆಗಿಲ್ಲವೆಂಬಂತೆ ಓಡುವುದು. ಹೊಸದೆಂದು ಮನಸ್ಸಿಲ್ಲದೆ ಕಂಪನಿಯ ಸರ್ವಿಸ್ ಸೆಂಟರಿಗೆ ಬಿಟ್ಟ. ಅವರು ಎರಡು ದಿನ ಇಟ್ಟುಕೊಂಡು ಸುತ್ತಾಡಿಸಿದರು. ಗಾಡಿ ನೆಟ್ಟಗಿದೆ ಎಂದು ತೊಳೆದು ಕಳಿಸಿದರು. ಮರುವಾರವೇ ಅದು ಮತ್ತೆ ನಿಂತಿತು.

ಹೆಂಡತಿ ಮೂರು ಸಲ ತಡವಾಗಿ ಹೋದಳು. ಹೆಡ್‌ಮಾಸ್ತರರು ಮೊದಲು ನಕ್ಕರು, ಆಮೇಲೆ ನಗಲಿಲ್ಲ. ಆಕೆ ಗಂಡನಿಗೆ ಹೇಳಿದಳು: ದಸರಾ ರಜೆ ಮುಗಿಯುವುದರೊಳಗೆ ಗಾಡಿ ಸರಿಯಾಗದಿದ್ದರೆ ಹಳ್ಳಿಯಲ್ಲೇ ಒಂದು ಕೋಣೆ ಹಿಡಿಯುತ್ತೇನೆ, ಭಾನುವಾರಕ್ಕೊಮ್ಮೆ ಬರುತ್ತೇನೆ. ಆಕೆಯಿಲ್ಲದ ಮನೆಯಲ್ಲಿ ಅವನಿಗೆ ತುತ್ತು ಇಳಿಯುತ್ತಿರಲಿಲ್ಲ. ದಸರಾವರೆಗೆ ಯಾಕೆ, ಪುಸ್ತಕ ಸಿಕ್ಕ ದಿನವೇ ಸರಿ ಮಾಡುತ್ತೇನೆ ಎಂದ.

ಕಾರಿನ ಜೊತೆಗೆ ಬಂದ ಪುಸ್ತಕ ತೆಗೆದ. ಅದರಲ್ಲಿ ಗಡಿಯಾರ ಹೊಂದಿಸುವುದು ಹೇಗೆ, ಸೀಟು ಮಡಚುವುದು ಹೇಗೆ ಎಂದು ಚಿತ್ರ ಹಾಕಿ ಹೇಳಿದ್ದರು. ಕೆಟ್ಟರೆ ಏನು ಮಾಡಬೇಕೆಂಬಲ್ಲಿ ಪ್ರತಿ ಪುಟದಲ್ಲೂ ಒಂದೇ ಮಾತು, ಅಧಿಕೃತ ಸರ್ವಿಸ್ ಸೆಂಟರಿಗೆ ಹೋಗಿರಿ. ಅಲ್ಲಿಗೇ ಹೋಗಿ ರಿಪೇರಿ ಪುಸ್ತಕ ಕೊಡಿ ಎಂದ. ಈಗ ಪುಸ್ತಕವೆಂಬುದೇ ಇಲ್ಲ, ಎಲ್ಲ ನಮ್ಮ ಕಂಪ್ಯೂಟರಿನಲ್ಲಿದೆ, ಹೊರಗಿನವರಿಗೆ ತೋರಿಸುವಂತಿಲ್ಲ ಎಂದರು. ಹಳೆಯ ಪುಸ್ತಕ ಮಾರುವವರ ಬಳಿ ಕೇಳಿದ. ಅವರ ಹತ್ತಿರ ಇಪ್ಪತ್ತು ವರ್ಷ ಹಿಂದಿನ ಕಾರುಗಳವರೆಗೆ ಇತ್ತು, ಆಮೇಲಿನದು ಅಚ್ಚೇ ಆಗಿಲ್ಲ ಎಂದರು.

ಅಲ್ಲಿಂದ ಅವನು ಮೊಬೈಲು ಹಿಡಿದು ಕೂತ. ಒಂದು ಪುಸ್ತಕ ಸಿಕ್ಕಿತು, ಹೆಸರು ಅದೇ, ಕಾರು ಡೀಸೆಲ್‌ನದು. ಇನ್ನೊಂದು ಸಿಕ್ಕಿತು, ಸಾವಿರದಿನ್ನೂರು ಪುಟ, ಒಂದಕ್ಷರವೂ ಓದಲಾಗದ ಭಾಷೆ. ಚಿತ್ರಗಳಾದರೂ ಇವೆಯಲ್ಲ ಎಂದು ಅದನ್ನೂ ಇಳಿಸಿಕೊಂಡ. ಮತ್ತೊಂದನ್ನು ದುಡ್ಡು ಕೊಟ್ಟು ತರಿಸಿದ, ತೆರೆದರೆ ಗಡಿಯಾರ ಹೊಂದಿಸುವುದು ಹೇಗೆ ಎಂಬ ಅದೇ ಪುಸ್ತಕ! ಸ್ಟೇರಿಂಗ್ ಕೆಳಗೆ ಸಿಕ್ಕಿಸಿ ಕಾರಿನ ದೋಷ ಪತ್ತೆ ಹಚ್ಚುವ ಸ್ಕ್ಯಾನರ್ ತಂದ. ಅದು ಒಂದು ಅಂಕಿ ತೋರಿಸಿತು. ಜೊತೆಗಿದ್ದ ಚೀಟಿಯಲ್ಲಿ ಆ ಅಂಕಿಗೆ ಹನ್ನೊಂದು ಕಾರಣಗಳಿರಬಹುದು, ಯಾವುದೆಂದು ತಿಳಿಯಲು ರಿಪೇರಿ ಪುಸ್ತಕ ನೋಡಿರಿ ಎಂದಿತ್ತು. ಕಾರು ಪ್ರಿಯರ ಒಂದು ಗುಂಪು ಸೇರಿದ. ಅಲ್ಲಿ ಯಾರೋ ಇದೇ ಪುಸ್ತಕ ಯಾರಲ್ಲಾದರೂ ಇದೆಯೇ ಎಂದು ನಾಲ್ಕು ವರ್ಷದ ಹಿಂದೆ ಕೇಳಿದ್ದರು. ಅದರ ಕೆಳಗೆ ನಲವತ್ತು ಜನ ‘ನನಗೂ ಬೇಕು’ ಎಂದು ಬರೆದಿದ್ದರು. ಇವನು ನಲವತ್ತೊಂದನೆಯವನಾದ.

ಅಜ್ಜನವರು ಇಷ್ಟು ಹೇಳುವಷ್ಟರಲ್ಲಿ ಚನ್ನವೀರನಿಗೆ ತಡೆಯಲಾಗಲಿಲ್ಲ. ಹುಡುಕುವವನ ಸಂಕಟ ಹುಡುಕುವವನಿಗೇ ಗೊತ್ತು. “ಸಿಕ್ತೇನ್ರೀ ಕಡೀಗೆ?” ಎಂದ. ಅವನ ಕಾಲು ಇನ್ನಷ್ಟು ಜೋರಾಗಿ ಅಲುಗಿತು.

ಅಜ್ಜನವರು ಮುಂದುವರಿಸಿದರು.

ಗೃಹಸ್ಥ ಕಚೇರಿಯಲ್ಲೂ ಅದನ್ನೇ ನೋಡಿದ, ಊಟದ ತಟ್ಟೆಯ ಮುಂದೆಯೂ ಅದನ್ನೇ ನೋಡಿದ. ಹೆಂಡತಿ ಆಗಾಗ ಎದುರಿಗೆ ಬಂದು ನಿಲ್ಲುತ್ತಿದ್ದಳು. ಗಾಡಿ ಹೇಗೆ ನಿಂತಿತೆಂದರೆ ಎಂದು ಶುರು ಮಾಡುತ್ತಿದ್ದಳು. ಅವನು ಕಣ್ಣೆತ್ತದೆ, ಇರು, ಪುಸ್ತಕ ಬರಲಿ ಎನ್ನುತ್ತಿದ್ದ. ಆಕೆ ಇನ್ನೊಮ್ಮೆ ಶುರು ಮಾಡಿದರೆ ಕೈ ಎತ್ತುತ್ತಿದ್ದ. ಓಡಿಸುವವರಿಗೆ ಓಡಿಸುವುದು ಗೊತ್ತು, ಒಳಗಿನದು ಏನು ಗೊತ್ತು ಎಂಬುದು ಅವನ ಎಣಿಕೆ. ದಸರಾ ಹತ್ತಿರ ಬಂತು. ಅವನು ಇನ್ನೂ ಅವಸರದಿಂದ ಹುಡುಕಿದ. ದಸರಾ ಹೋಯಿತು.

ಒಂದು ಬೆಳಿಗ್ಗೆ ಆ ನಲವತ್ತು ಜನರಲ್ಲಿ ಒಬ್ಬ ಅವನ ಮೊಬೈಲಿಗೆ ಪುಸ್ತಕ ಕಳಿಸಿದ. ಅದೇ ಕಾರು, ಅದೇ ಇಂಜಿನ್, ಅದೇ ವರ್ಷ. ಗೃಹಸ್ಥ ಕೂಡಲೇ ಕಾರು ನಡುದಾರಿಯಲ್ಲಿ ನಿಲ್ಲುವ ಅಧ್ಯಾಯ ತೆಗೆದ. ಮೊದಲ ಪುಟದಲ್ಲಿ ಚಿತ್ರವಿರಲಿಲ್ಲ, ನಟ್ಟಿನ ಅಳತೆಯೂ ಇರಲಿಲ್ಲ. ಒಂದಿಷ್ಟು ಪ್ರಶ್ನೆಗಳು, ಅವುಗಳ ಮುಂದೆ ಬರೆದುಕೊಳ್ಳಲು ಖಾಲಿ ಗೆರೆಗಳು. ಮೇಲ್ಗಡೆ ಹೀಗಿತ್ತು: ಯಾವುದನ್ನೂ ಬಿಚ್ಚುವ ಮೊದಲು ವಾಹನ ಓಡಿಸುವವರನ್ನು ಕೇಳಿರಿ. ಯಾವಾಗ ನಿಂತಿತು, ಅದಕ್ಕೂ ಮುಂಚೆ ಅವರು ಏನು ಮಾಡಿದ್ದರು, ಅವರ ಮಾತಿನಲ್ಲೇ ಬರೆದುಕೊಳ್ಳಿರಿ.

ಅವನು ಪ್ರಶ್ನೆಗಳನ್ನು ಒಂದು ಹಾಳೆಗೆ ಇಳಿಸಿಕೊಂಡು, ಪೆನ್ಸಿಲ್ ಹಿಡಿದು ಹೆಂಡತಿಯನ್ನು ಕೂಗಿದ. ಅಡುಗೆಮನೆಗೆ ಹೋದ. ಒಲೆ ತಣ್ಣಗಿತ್ತು. ಗೂಟದಲ್ಲಿ ಆಕೆಯ ಚೀಲವಿರಲಿಲ್ಲ. ಆಮೇಲೆ ನೆನಪಾಯಿತು. ಸೋಮವಾರ ಆಕೆ ಟ್ರಂಕು ಪಕ್ಕಕ್ಕಿಟ್ಟುಕೊಂಡು ಎದುರಿಗೆ ನಿಂತು ಏನೋ ಹೇಳಿದ್ದಳು, ಇವನು ಹೂಂ ಎಂದಿದ್ದ. ಅಂದು ಗುರುವಾರ. ಮೂರು ದಿನ ತಾನು ಏನು ತಿಂದೆ, ಎಲ್ಲಿ ತಿಂದೆ ಎಂಬುದೂ ಅವನಿಗೆ ನೆನಪಾಗಲಿಲ್ಲ. ಅವನಿಗೆ ನಾಚಿಕೆಯಾಯಿತು, ಹೆದರಿಕೆಯೂ ಆಯಿತು.

ತಡವಾಗಿ ಮುಟ್ಟುವ ಆ ಬಸ್ಸು ಹತ್ತಿ ಹಳ್ಳಿಗೆ ಹೋದ. ಶಾಲೆ ಬಿಡುವವರೆಗೆ ಕಾದು, ಅದರ ಹಿಂದೆ ಆಕೆ ಹಿಡಿದಿದ್ದ ಕೋಣೆಯ ಬಾಗಿಲಲ್ಲಿ ನಿಂತು, ಹಾಳೆ ಹಿಡಿದು ಕೇಳಿದ: “ಗಾಡಿ ಯಾವಾಗ ನಿಲ್ತದ?”

ಆಕೆ ಅವನನ್ನು ನೋಡಿದಳು, ಹಾಳೆಯನ್ನು ನೋಡಿದಳು. “ಬಂಕಿಗೆ ಹೋದ ದಿನ ಅಷ್ಟ. ಟ್ಯಾಂಕ್ ತುಂಬ ಪೆಟ್ರೋಲ್ ಹಾಕಿಸಿ ಮತ್ತ ಚಾಲೂ ಮಾಡಿ ರಸ್ತೆಗೆ ಇಳಿಸಿದ್ರ ಸ್ವಲ್ಪ ದೂರಕ್ಕ ನಡುಗಿ ನಿಲ್ತದ. ಬ್ಯಾರೆ ದಿನ ಏನೂ ಇಲ್ಲ. ಯುಗಾದಿಯಿಂದ ಹೇಳಾಕತ್ತೀನಿ, ನೀವು ಇರು ಪುಸ್ತಕ ಬರ್ಲಿ ಅಂತೀರಿ.”

ಅವನು ಅದನ್ನು ಆಕೆಯ ಮಾತಿನಲ್ಲೇ ಬರೆದುಕೊಂಡ. ಪುಸ್ತಕದಲ್ಲಿ ಆ ಉತ್ತರದ ಮುಂದೆ ಒಂದೇ ಸಾಮಾನಿನ ಹೆಸರಿತ್ತು. ಟ್ಯಾಂಕಿನ ಆವಿಯನ್ನು ಇಂಜಿನ್ನಿಗೆ ಬಿಡುವ ಹೆಬ್ಬೆರಳಿನಷ್ಟು ವಾಲ್ವ್. ಮನೆಗೆ ಬಂದು ಅದನ್ನು ಬಿಚ್ಚಿ ಬಾಯಿಂದ ಊದಿದ. ಮುಚ್ಚಿರಬೇಕಾದದ್ದು ತೆರೆದೇ ಇತ್ತು. ಟ್ಯಾಂಕ್ ತುಂಬಿದ ದಿನ ಆವಿ ಹೆಚ್ಚಾಗಿ ಇಂಜಿನ್ನಿಗೆ ಉಸಿರು ಕಟ್ಟುತ್ತಿತ್ತು. ಸರ್ವಿಸ್ ಸೆಂಟರಿನವರು ಸುತ್ತಾಡಿಸಿದ್ದು ಇದ್ದ ಪೆಟ್ರೋಲಿನಲ್ಲೇ, ಅವರಿಗೆ ಹೇಗೆ ಕಾಣಬೇಕು? ಅವರೂ ಆಕೆಯನ್ನು ಕೇಳಿರಲಿಲ್ಲ. ಹೊಸ ವಾಲ್ವ್ ಹಾಕಲು ಅರ್ಧ ತಾಸು ಸಾಕಾಯಿತು. ಟ್ಯಾಂಕ್ ತುಂಬಿಸಿ ಚಾಲೂ ಮಾಡಿದ. ಕಾರು ನಡುಗಲಿಲ್ಲ. ಅವನು ಅದನ್ನು ನೇರ ಹಳ್ಳಿಗೆ ಓಡಿಸಿದ, ಆಕೆಯ ಕೋಣೆಯ ಮುಂದೆ ನಿಲ್ಲಿಸಿ ಇಳಿದ.

ಇಲ್ಲಿಗೆ ಅಜ್ಜನವರು ಕತೆ ನಿಲ್ಲಿಸಿದರು.

ಚನ್ನವೀರನಿಗೆ ಪುಸ್ತಕದ ಮಾತು ಮರೆತೇಹೋಗಿತ್ತು. “ಆಕಿ ಮನೀಗೆ ಬಂದ್ಳೇನ್ರೀ?” ಎಂದು ಕೇಳಿದ.

ಅಜ್ಜನವರು ಅವನ ಎರಡೂ ಚೀಲಗಳನ್ನು ಪಕ್ಕಕ್ಕೆ ಸರಿಸಿ, ಅವನ ಎದುರಿಗೆ ಬಂದು ಕೂತರು.

“ಅದಿರ್ಲಿ ತಮ್ಮಾ, ನೀ ಮನಿ ಬಿಟ್ಟ ದಿನ ನೀಲವ್ವ ಬಾಗಿಲದಾಗ ನಿಂತು ಏನ್ ಹೇಳಾಕತ್ತಿದ್ಲು?”

“ನಾ ಕೇಳ್ಳೇ ಇಲ್ರೀ ಅಜ್ಜಾರ,” ಎಂದ ಚನ್ನವೀರ. ಅವನ ಕಾಲು ನಿಂತುಹೋಗಿತ್ತು.