ಹಾದಿಯಮ್ಮನು ದ್ಯಾವಮ್ಮನನ್ನು ಭತ್ತದ ಕಾಳಿನಷ್ಟು ಮಾಡಿದ ಕಥೆ

ದೀಪದ ಹತ್ತಿರಕ್ಕೆ ಸರಿದು ಕುಳಿತುಕೊಳ್ಳಿರಿ. ಕೈಯಲ್ಲಿ ಅಕ್ಷತೆಯಿರಲಿ, ಬಾಯಲ್ಲಿ ಬೇರೆ ಮಾತು ಬೇಡ. ಹೊರಟವರನ್ನು ಊರು ಮುಟ್ಟಿಸುವ, ತಪ್ಪಿಹೋದವರನ್ನು ತಂದು ಸೇರಿಸುವ ಹಾದಿಯಮ್ಮನ ಕಥೆಯನ್ನು ಹೇಳುತ್ತೇನೆ, ಮನಸ್ಸಿಟ್ಟು ಕೇಳಿರಿ.

ಪೂರ್ವದಲ್ಲಿ ಬಿದಿರು ಮೆಳೆಯ ಮಗ್ಗುಲಲ್ಲಿದ್ದ ಒಂದು ಊರಿನಲ್ಲಿ ಹಲಗಯ್ಯನೆಂಬ ಮೇದರವನು, ಅವನ ಹೆಂಡತಿ ದ್ಯಾವಮ್ಮ, ಅವನ ತಾಯಿ ಕೆಂಚಜ್ಜಿ, ಈ ಮೂವರು ಮೊರ, ಜರಡಿ, ಬುಟ್ಟಿಗಳನ್ನು ಹೆಣೆದು ಮಾರಿಕೊಂಡು ಬಡತನದಲ್ಲಿ ಕಾಲ ಹಾಕುತ್ತಿದ್ದರು. ದ್ಯಾವಮ್ಮನು ಕೈಯಲ್ಲಿ ಚುರುಕು, ಕಾಲಲ್ಲಿ ಚುರುಕು, ನಾಲಿಗೆಯಲ್ಲಿ ಇನ್ನೂ ಚುರುಕು. ಹಲಗಯ್ಯನಾದರೋ ಮಾತು ಕಡಿಮೆಯವನು, ಕೇಳಿದ್ದಕ್ಕೆಲ್ಲ ಹೂಂ ಎನ್ನುವವನು, ಯಾವ ನೋವನ್ನೂ ಬಾಯಿ ಬಿಟ್ಟು ಹೇಳದವನು. ಹೀಗಿರಲಾಗಿ ಒಂದು ವರ್ಷ ಬಿದಿರೆಲ್ಲ ಹೂಬಿಟ್ಟು, ಬಿದಿರಕ್ಕಿ ಸುರಿಸಿ, ಬುಡಸಮೇತ ಒಣಗಿಹೋಯಿತು. ಹೆಣೆಯಲು ಹಸಿ ಸೀಳಿಲ್ಲ, ಒಲೆಗೆ ಹಚ್ಚಲು ಮಾತ್ರ ಬಿದಿರುಂಟು ಎಂಬಂತಾಯಿತು. ಆಗ ಮೂವರೂ ಕೂಡಿ ಆಲೋಚಿಸಿ, ಹೊಳೆಯಾಚೆಯ ಪಟ್ಟಣದಲ್ಲಿ ಅರಮನೆಯ ಕಣಜಕ್ಕೆ ಮೊರ ಬೇಕಂತೆ, ಅಲ್ಲಿ ಹಸಿ ಬಿದಿರೂ ಸಿಕ್ಕುತ್ತದಂತೆ ಎಂದು ಕೇಳಿ, ಹೆಣೆದಿದ್ದ ಮೊರಗಳನ್ನು ಹೊರೆ ಕಟ್ಟಿಕೊಂಡು, ತಂಬಿಟ್ಟಿನ ಬುತ್ತಿ ಮಾಡಿಕೊಂಡು, ಬಾಗಿಲಿಗೆ ಅಗಳಿ ಹಾಕಿ ಹೊರಟರು.

ಹೊರಟವರಲ್ಲಿ ದ್ಯಾವಮ್ಮನು ಮುಂದೆ, ಕೆಂಚಜ್ಜಿ ನಡುವೆ, ಹಲಗಯ್ಯನು ಹಿಂದೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಹಲಗಯ್ಯನು ನಿಂತು ಒಂದು ಗೊರವಂಕದ ಗೂಡನ್ನು ನೋಡುವನು. ಇನ್ನೂ ಸ್ವಲ್ಪ ದೂರಕ್ಕೆ ಬೇಲಿಗೆ ಒರಗಿ ಯಾರದೋ ಹೊಲದ ರಾಗಿಯನ್ನು ನೋಡುವನು. ಮತ್ತೊಂದು ತಿರುವಿನಲ್ಲಿ ಕುರಿಯವನೊಡನೆ ಕುಳಿತು ಮಳೆಯ ಮಾತಾಡುವನು. ಮನೆಯಲ್ಲಿ ತುಟಿ ಬಿಚ್ಚದವನಿಗೆ ಕುರಿಯವನ ಹತ್ತಿರ ಅದೇನು ಮಾತೋ ಎಂದು ದ್ಯಾವಮ್ಮನಿಗೆ ಮೈಯೆಲ್ಲ ಉರಿಯಿತು. ನಿಂತು, ಕಾದು, ಸೊಂಟದ ಮೇಲೆ ಕೈಯಿಟ್ಟು, ಮತ್ತೆ ನಡೆದು, ಮತ್ತೆ ನಿಂತು, ಅವಳಿಗೆ ಸಾಕುಸಾಕಾಯಿತು.

“ಅತ್ತೆಮ್ಮಾ, ನಿಮ್ಮ ಮಗ ಊರಿಗೆ ಬರ್ತಾರೋ, ಇಲ್ಲಾ ಮರದ ಮೇಲೆ ಗೂಡು ಕಟ್ಟಿಕೊಳ್ತಾರೋ, ಒಂದು ಸಲ ಕೇಳಿ ಹೇಳಿ” ಎಂದಳು.

“ಅವನು ಚಿಕ್ಕಂದಿನಿಂದಲೂ ನಿಧಾನ ಕಣವ್ವ” ಎಂದು ಕೆಂಚಜ್ಜಿ ಮಗನನ್ನು ವಹಿಸಿಕೊಂಡಳು. ಅದು ದ್ಯಾವಮ್ಮನ ಉರಿಗೆ ಎಣ್ಣೆಯಾಯಿತು.

ಹೀಗೆ ಹೋಗುತ್ತಿರಲು ದಾರಿ ಕವಲೊಡೆಯುವ ಜಾಗದಲ್ಲಿ ಹಾದಿಯಮ್ಮನ ಕಲ್ಲು ಸಿಕ್ಕಿತು. ಅದು ಒಂದು ಹಿಡಿಗಿಂತ ದೊಡ್ಡದಲ್ಲ. ಅರಿಶಿನ ಬಳಿದು, ಮೇಲೆ ಒಂದು ಚೆಂಡುಹೂವಿಟ್ಟಿತ್ತು. ದಾರಿಹೋಕರು ಅಲ್ಲಿ ಕುಳಿತು, ಜೊತೆಯವರೆಲ್ಲ ಬಂದು ಕೂಡಿದ ಮೇಲೆ ಅಮ್ಮನಿಗೆ ಒಂದು ಚೂರು ಬುತ್ತಿಯಿಟ್ಟು, ಎಲ್ಲರೂ ಹಂಚಿಕೊಂಡು ತಿಂದು ಮುಂದೆ ಹೋಗುವುದು ಸೀಮೆಯ ಪದ್ಧತಿ. ಹಲಗಯ್ಯನು ಒಂದು ಕೂಗಿನಷ್ಟು ದೂರ ಹಿಂದಿದ್ದನು. ದ್ಯಾವಮ್ಮನು ಕಾದಳು, ನೋಡಿದಳು, ಅವನ ನೆರಳೂ ಕಾಣಲಿಲ್ಲ. ಹಸಿವು ಒಂದು ಕಡೆ, ಸಿಟ್ಟು ಒಂದು ಕಡೆ. ಬುತ್ತಿಯ ಗಂಟನ್ನು ಬಿಚ್ಚಿ, ಅತ್ತೆಗೆ ಒಂದು ತಂಬಿಟ್ಟು ಕೊಟ್ಟು, ತನ್ನದನ್ನು ತಾನು ತಿಂದು, ಸಿಟ್ಟು ಇಳಿಯದೆ ಗಂಡನ ಪಾಲನ್ನೂ ತೆಗೆದು ಬಾಯಿಗೆ ಹಾಕಿಕೊಂಡು, “ಬಾರದವರಿಗೆ ಪಾಲೇನು? ಈ ಹಿಡಿಯಷ್ಟು ಕಲ್ಲಿಗೋಸ್ಕರ ಕಾದು ಕೂರಬೇಕೇನು?” ಎಂದು ಕೈ ಒದರಿ ಎದ್ದಳು.

ಹಾದಿಯಮ್ಮನಿಗೆ ಕೋಪ ಬಂದಿತು. ಕೋಪ ಬಂದದ್ದೇ ತಡ, ದ್ಯಾವಮ್ಮನೂ ಕೆಂಚಜ್ಜಿಯೂ ನಿಂತಲ್ಲೇ ಕುಗ್ಗಿ ಕುಗ್ಗಿ ಭತ್ತದ ಕಾಳಿನ ಎತ್ತರಕ್ಕೆ ಇಳಿದುಹೋದರು. ಒಂದು ಮನೆಯವರಾದ್ದರಿಂದ ಹಿಂದೆ ಇದ್ದ ಹಲಗಯ್ಯನೂ ಇದ್ದಲ್ಲೇ ಹಾಗಾದನು. ಉಟ್ಟ ಬಟ್ಟೆ, ಹೊತ್ತ ಹೊರೆ ಎಲ್ಲವೂ ಅವರೊಡನೆ ಕಿರಿದಾದವು. ಹುಲ್ಲು ಅವರಿಗೆ ತೆಂಗಿನ ತೋಪಾಯಿತು. ನೆಲದ ಬಿರುಕು ಕಣಿವೆಯಾಯಿತು. ಹಿಡಿಯಷ್ಟು ಎಂದು ಜರಿದ ಕಲ್ಲು ತುದಿ ಕಾಣದ ಬೆಟ್ಟವಾಗಿ ನಿಂತಿತು.

ಕೆಂಚಜ್ಜಿ ಎದೆ ಬಡಿದುಕೊಂಡಳು. ದ್ಯಾವಮ್ಮನು ಮೇಲೆ ನೋಡಿದಳು, ಕೆಳಗೆ ನೋಡಿದಳು, ಕೊನೆಗೆ ಹಿಂದಿನ ದಾರಿಯನ್ನು ನೋಡಿ, “ಇಂಥ ಹೊತ್ತಿನಲ್ಲೂ ಇವರು ಜೊತೆಗಿಲ್ಲವಲ್ಲ!” ಎಂದಳು.

ಹುಡುಕಲು ಹೊರಟರು. ಒಂದು ಕೂಗಿನ ದೂರವೆಂಬುದು ಅವರ ಕಾಲಿಗೆ ಒಂದು ಸೀಮೆಯಾಗಿತ್ತು. ಗಾಡಿಚಕ್ರದ ಜಾಡಿಗಿಳಿದರೆ ಎರಡು ಕಡೆಗೂ ಮಣ್ಣಿನ ಗೋಡೆ. ಕೆಂಚಜ್ಜಿಯು ನಾಲ್ಕು ಹೆಜ್ಜೆಗೊಮ್ಮೆ ಕೂತು, “ನನ್ನ ಮಗ ಏನೂ ತಿಂದಿಲ್ಲ, ಅವನ ಪಾಲನ್ನೂ ತಿಂದುಬಿಟ್ಟೆಯಲ್ಲೇ” ಎಂದು ಅಳುವಳು. “ಹಾಗಾದರೆ ನಿಮ್ಮದನ್ನು ಎತ್ತಿಡಬೇಕಾಗಿತ್ತು” ಎಂದು ದ್ಯಾವಮ್ಮನು ತಿರುಗಿ ಹೇಳುವಳು. ಹೀಗೆ ಜಗಳವಾಡುತ್ತ ಹೋಗುತ್ತಿರಲು, ಒಂದು ಗೌಜುಗದ ಹಕ್ಕಿ ಗುಡ್ಡ ನಡೆದು ಬಂದಂತೆ ಬಂದು, ಅವರ ಮಗ್ಗುಲಿಗೇ ಕೊಕ್ಕು ಕುಕ್ಕಿ, ಒಂದು ಹುಳುವನ್ನು ಎತ್ತಿ ನುಂಗಿತು. ಇಬ್ಬರೂ ಜಗಳ ಬಿಟ್ಟು, ಜೀವ ಕೈಯಲ್ಲಿ ಹಿಡಿದು, ಓಡಿ ಓಡಿ ಮತ್ತೆ ಕಲ್ಲಿನ ಬುಡಕ್ಕೇ ಬಂದು ಬಿದ್ದರು. “ನಾನು ಇನ್ನು ಒಂದು ಹೆಜ್ಜೆ ಇಡುವುದಿಲ್ಲ. ಬೇಕಾದರೆ ಅವರೇ ಬರಲಿ. ಇಷ್ಟು ವರ್ಷ ಕಾದಿದ್ದೇನೆ, ಇದೂ ಒಂದು” ಎಂದು ದ್ಯಾವಮ್ಮನು ಕಲ್ಲಿನ ಮೇಲಿಂದ ಉದುರಿ ಬಾಡಿದ್ದ ಚೆಂಡುಹೂವಿನ ಎಸಳಿನೊಳಗೆ ಸೇರಿಕೊಂಡು ಮುಖ ತಿರುಗಿಸಿದಳು. ಮುಖ ತಿರುಗಿಸಿದರೂ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ.

ಬೆಳಗಾಯಿತು. ಅಂದು ಕಾರ್ತಿಕದ ಮಂಗಳವಾರವಾಗಿರಲು, ಹತ್ತಿರದ ಹಳ್ಳಿಯ ಮುತ್ತೈದೆಯರು ದೀಪ, ವೀಳ್ಯ, ತಂಬಿಟ್ಟು ಹಿಡಿದು ಹಾದಿಯಮ್ಮನ ವ್ರತಕ್ಕೆಂದು ಬಂದು ಕಲ್ಲಿನ ಸುತ್ತ ಕುಳಿತರು. ಅವರ ಬಳೆಯ ಸದ್ದು ಸಿಡಿಲಾಯಿತು, ಉದುರಿದ ಅಕ್ಷತೆ ಗುಂಡುಕಲ್ಲಿನಂತೆ ಬಿದ್ದಿತು. ಅತ್ತೆ ಸೊಸೆಯರು ವೀಳ್ಯದೆಲೆಯ ಅಡಿಗೆ ನುಸುಳಿ ಕೇಳುತ್ತ ಕುಳಿತರು. ಹೆಂಗಸರಲ್ಲಿ ಹಿರಿಯಳಾದವಳು ವ್ರತದ ವಿಧಿಯನ್ನು ಹೇಳಲಾರಂಭಿಸಿ, ಜೊತೆಯಲ್ಲಿ ಹೊರಟು ಹಿಂದುಳಿದವರಿಗಾಗಿ ಕಾಯುವುದೇ ಈ ತಾಯಿಯ ವ್ರತವೆಂದಳು.

ದ್ಯಾವಮ್ಮನಿಗೆ ರೇಗಿಹೋಯಿತು. ಎಲೆಯ ಅಡಿಯಿಂದ ಹೊರಗೆ ಬಂದು, ಕತ್ತೆತ್ತಿ, “ಮದುವೆಯಾದಾಗಿನಿಂದ ನನಗೆ ಕಾಯುವುದೇ ಕೆಲಸ! ಇದಕ್ಕೊಂದು ವ್ರತ ಬೇರೆ ಬೇಕೇ? ಹಾಗಿದ್ದರೆ ನನಗೆ ಇಷ್ಟು ಹೊತ್ತಿಗೆ ಫಲ ಬಂದು ಮನೆ ತುಂಬಬೇಕಾಗಿತ್ತು!” ಎಂದು ಕೂಗಿದಳು. ಅದು ಮೇಲಿನವರ ಕಿವಿಗೆ ಸೊಳ್ಳೆಯ ಗುಂಯ್‌ಗುಡುವ ಸದ್ದಾಗಿ ಕೇಳಿ, ಒಬ್ಬಳು ಸೆರಗಿನಿಂದ ಬೀಸಿಕೊಂಡಳು.

ಹಿರಿಯಳು ಹೇಳುವುದನ್ನು ಮುಂದುವರಿಸಿದಳು. ಕಾಯುವುದೆಂದರೆ ಮುಂದೆ ನಿಂತು ಸೊಂಟಕ್ಕೆ ಕೈಯಿಡುವುದಲ್ಲ. ಬಾರದವರಿಗೆ ಮೊದಲ ಪಾಲನ್ನು ಎತ್ತಿಟ್ಟು, ತಾನು ಬಾಯಿಗೆ ಹಾಕದೆ, ನಡೆದು ಬಂದ ದಾರಿಯನ್ನೇ ಹಿಡಿದು ಹಿಂದಕ್ಕೆ ಹೋಗಿ, ಹೆಸರು ಹಿಡಿದು ಕೂಗಿ, ಸಿಕ್ಕಿದ ಮೇಲೆ ಯಾಕೆ ಹಿಂದುಳಿದಿರೆಂದು ಕೇಳಿ, ಅವರು ಹೇಳಿ ಮುಗಿಸುವ ತನಕ ಕಿವಿಗೊಟ್ಟು, ಆಮೇಲೆ ಕೈಹಿಡಿದು ಕರೆತಂದು, ಕೂಡಿ ಉಣ್ಣಬೇಕು. ಹೀಗೆ ಹೇಳಲು, ಹೊಸದಾಗಿ ಮದುವೆಯಾದವಳೊಬ್ಬಳು ನಾಚಿ, ಗಂಡನ ಹೆಸರನ್ನು ಹೇಗೆ ಹೇಳಲಿ ಎಂದು ಕೇಳಿದಳು. “ಈ ತಾಯಿಯ ವ್ರತದಲ್ಲಿ ದೋಷವಿಲ್ಲ ಕಣಮ್ಮ, ಹೆಸರು ಕೂಗದಿದ್ದರೆ ಕಳೆದವರಿಗೆ ತಮ್ಮನ್ನೇ ಕರೀತಾರೆ ಅಂತ ಗೊತ್ತಾಗುವುದು ಹೇಗೆ?” ಎಂದಳು ಹಿರಿಯಳು.

ದ್ಯಾವಮ್ಮನು ಮತ್ತೆ ಎಲೆಯ ಅಡಿಗೆ ಸರಿದಳು. ಇಷ್ಟು ವರ್ಷಗಳಲ್ಲಿ ತಾನು ನಿಂತಿದ್ದೆಷ್ಟು, ಗೊಣಗಿದ್ದೆಷ್ಟು ಎಂಬುದು ಅವಳಿಗೆ ನೆನಪಿತ್ತು. ಒಂದು ಸಲವಾದರೂ ಹಿಂದಕ್ಕೆ ಹೋಗಿ ಏನೆಂದು ಕೇಳಿದ್ದು ಮಾತ್ರ ನೆನಪಿಗೆ ಬರಲಿಲ್ಲ.

ಹೆಂಗಸರು ಆರತಿ ಎತ್ತಿ ಹೊರಟುಹೋದರು. ಅವರು ಕೂತಲ್ಲಿ ತಂಬಿಟ್ಟಿನ ಪುಡಿ ಉದುರಿತ್ತು. ಹಸಿದ ಕಣ್ಣಿಗೆ ಅದು ಅಮೃತದಂತೆ ಕಂಡರೂ, ದ್ಯಾವಮ್ಮನು ಮೊದಲು ಒಂದು ತುಣುಕನ್ನು ಗಂಡನಿಗೆಂದು ಎತ್ತಿ ಮಡಿಲಿಗೆ ಕಟ್ಟಿಕೊಂಡು, ತನಗೂ ಅತ್ತೆಗೂ ಒಂದೊಂದು ದೊಡ್ಡ ತುಣುಕನ್ನು ತೆಗೆದು, ಅತ್ತೆಯದನ್ನು ಅವಳ ಕೈಗಿತ್ತು, ತನ್ನದನ್ನು ತುಟಿಗೆ ಸೋಕಿಸದೆ ತಲೆಯ ಮೇಲೆ ಹೊತ್ತು, “ಏಳಿ ಅತ್ತೆಮ್ಮಾ, ಗೌಜುಗ ಬಂದರೆ ಬರಲಿ” ಎಂದು ಮತ್ತೆ ಗಾಡಿಯ ಜಾಡಿಗೆ ಇಳಿದಳು. ಬಾಯಿ ಮಾತ್ರ ಸುಮ್ಮನಿರಲಿಲ್ಲ. ದಾರಿಯುದ್ದಕ್ಕೂ ಗಂಡನನ್ನೂ, ಗಂಡನ ನಿಧಾನವನ್ನೂ, ಆ ಗೊರವಂಕವನ್ನೂ, ಆ ಕುರಿಯವನನ್ನೂ ಬೈಯುತ್ತ ಬೈಯುತ್ತ ನಡೆದಳು. ಬೈದಳೇ ಹೊರತು ನಿಲ್ಲಲಿಲ್ಲ.

ಹುಲ್ಲಿನ ತೋಪು ದಾಟಿದರು. ಎತ್ತಿನ ಗೊರಸಿನ ಗುರುತಿನಲ್ಲಿ ನಿಂತ ನೀರಿನ ಕೆರೆಯನ್ನು ಬಳಸಿ ಹೋದರು. ಕೆಂಚಜ್ಜಿಯು “ಹಲಗಾ, ಮಗನೇ” ಎಂದು ಕೂಗಿ ಕೂಗಿ ಗಂಟಲು ಕಟ್ಟಿ, ಕೊನೆಗೆ ಉಸಿರು ಮಾತ್ರ ಬಂದಿತು, ಸದ್ದು ಬರಲಿಲ್ಲ. ಅತ್ತೆಯ ಮುಖವನ್ನೊಮ್ಮೆ ನೋಡಿ, ದ್ಯಾವಮ್ಮನು ಒಂದು ಮಣ್ಣಿನ ಹೆಂಟೆಯನ್ನೇರಿ, ಕಣ್ಣು ಮುಚ್ಚಿ, ಮದುವೆಯಾದಾಗಿನಿಂದ ನಾಲಿಗೆಯ ಮೇಲೆ ತಾರದಿದ್ದ ಹೆಸರನ್ನು ತಂದು, “ಹಲಗಯ್ಯಾ! ಓ ಹಲಗಯ್ಯಾ!” ಎಂದು ಸೀಮೆ ಒಡೆದುಹೋಗುವಂತೆ ಕೂಗಿದಳು. ಕೆಂಚಜ್ಜಿ ಬಾಯಿಯ ಮೇಲೆ ಕೈಯಿಟ್ಟುಕೊಂಡಳು.

ಎಲ್ಲೋ ದೂರದಿಂದ, “ಯಾರದು?” ಎಂದು ಕೇಳಿಸಿತು.

“ಯಾರದು ಅಂದರೆ ಏನು ಹೇಳಲಿ! ನಾನು! ನಿಮ್ಮ ಹೆಂಡತಿ!” ಎಂದು ದ್ಯಾವಮ್ಮನು ಕೂಗಿ, ದನಿ ಬಂದ ಕಡೆಗೆ ಬಿದ್ದು ಎದ್ದು ಓಡಿದಳು.

ಹೋಗಿ ನೋಡುತ್ತಾಳೆ, ಒಂದು ಒಣಗಿದ ಅರಳಿ ಎಲೆಯ ನೆರಳಿನಲ್ಲಿ ಹಲಗಯ್ಯನು ತಾನು ಹೆಣೆದ ಮೊರವನ್ನೇ ಮೈಮೇಲೆ ಕವುಚಿಕೊಂಡು ಬಿದ್ದಿದ್ದಾನೆ. ಅದರ ಮೇಲೆ, ಸುತ್ತ, ನಾಯಿಯಷ್ಟು ನಾಯಿಯಷ್ಟು ದೊಡ್ಡ ಕೆಂಜಿಗದ ಇರುವೆಗಳು ಮುತ್ತಿ, ಮೊರದ ಅಂಚನ್ನು ಎತ್ತಲು ನೋಡುತ್ತಿವೆ. ದ್ಯಾವಮ್ಮನು ಒಂದು ಕಡ್ಡಿ ಹಿಡಿದು ಬಾರಿಸಿದಳು, ಅವು ಲೆಕ್ಕಕ್ಕಿಡಲಿಲ್ಲ. ಆಗ ತಲೆಯ ಮೇಲಿದ್ದ ತನ್ನ ಪಾಲನ್ನು ಎತ್ತಿ ದೂರಕ್ಕೆ ಎಸೆದಳು. ಅರ್ಧ ಕೆಂಜಿಗಗಳು ಅತ್ತ ಹೋದವು. ಉಳಿದವು ಗಂಡನ ಪಾಲಿನ ವಾಸನೆ ಹಿಡಿದು ಅವಳ ಮಡಿಲಿನ ಕಡೆಗೆ ತಿರುಗಲು, ಅವಳು ಎರಡು ಕೈಯಲ್ಲೂ ಮಡಿಲನ್ನು ಅಮುಕಿ ಹಿಡಿದು, ಪ್ರಾಣ ಹೋದರೂ ಇದನ್ನು ಕೊಡೆ ಎಂದು ನಿಂತಳು. ಅಷ್ಟರಲ್ಲಿ ಕೆಂಚಜ್ಜಿ ಹಿಂದಿನಿಂದ ಬಂದು ತನ್ನ ಪಾಲನ್ನು ಎಸೆದಳು. ಕೆಂಜಿಗಗಳೆಲ್ಲ ಅದನ್ನು ಹೊತ್ತು ಸಾಲಾಗಿ ಹೊರಟುಹೋದವು.

ಮೊರವನ್ನು ಎತ್ತಿದರೆ ಹಲಗಯ್ಯನ ಮೈ ಕೆಂಡವಾಗಿತ್ತು. ಏಳಿ ಎಂದರೆ ಏಳಲಾರ. ಬೈಗುಳವೆಲ್ಲ ದ್ಯಾವಮ್ಮನ ತುಟಿಯ ತನಕ ಬಂದಿತು. ಆದರೆ ವ್ರತದ ವಿಧಿ ನೆನಪಾಗಿ, ಅದನ್ನು ನುಂಗಿ, ಪಕ್ಕದಲ್ಲಿ ಕುಳಿತು, “ಯಾಕೆ ಹಿಂದುಳಿದಿರಿ?” ಎಂದು ಕೇಳಿ, ಬಾಯಿ ಮುಚ್ಚಿಕೊಂಡಳು. ಬಾಯಿ ಮುಚ್ಚಿಕೊಂಡಿರುವುದು ಅವಳಿಗೆ ಗೌಜುಗದ ಕೊಕ್ಕಿಗಿಂತ ಕಷ್ಟವಾಯಿತು.

ಬಹಳ ಹೊತ್ತಿನ ಮೇಲೆ ಹಲಗಯ್ಯನು ಅಂಗಾಲನ್ನು ತಿರುಗಿಸಿ ತೋರಿಸಿದನು. ಬಿದಿರಿನ ಸಿಬಿರೊಂದು ನಾಟಿ, ಒಳಗೇ ಮುರಿದು, ಕೀವಾಗಿ ಊದಿಕೊಂಡಿತ್ತು. ಊರು ಬಿಡುವ ಮೊದಲೇ ಚುಚ್ಚಿದ್ದಂತೆ. ಹೊರೆ ಹೊತ್ತು ನಡೆಯಲಾರದೆ ಗೂಡು ನೋಡುವ ನೆವ, ರಾಗಿ ನೋಡುವ ನೆವ, ಕುರಿಯವನ ನೆವ.

“ಹೇಳಬಾರದಾಗಿತ್ತೇ?” ಎಂದಳು ದ್ಯಾವಮ್ಮ.

“ನೀನು ನಿಲ್ಲುತ್ತಿದ್ದದ್ದು ಬಲು ದೂರದಲ್ಲಿ” ಎಂದನು ಹಲಗಯ್ಯ. “ಅಲ್ಲಿಗೆ ಬಂದು ಸೇರುವಷ್ಟರಲ್ಲಿ ನೀನು ಮತ್ತೆ ಹೊರಟಿರುತ್ತಿದ್ದೆ.”

ದ್ಯಾವಮ್ಮನಿಗೆ ಅಳುವೂ ಬಂದಿತು, ಸಿಟ್ಟೂ ಬಂದಿತು. “ಬಾಯಿ ಕೊಟ್ಟಿದ್ದಾನಲ್ಲ ದೇವರು, ನಿಮಗೂ!” ಎಂದು ಬೈಯುತ್ತ, ಅಳುತ್ತ, ಹುಲ್ಲಿನ ಎಸಳಿನ ಅಂಚಿನಿಂದ ಮುಳ್ಳಿನಂಥ ಒಂದು ಕೂದಲನ್ನು ಕಿತ್ತು, ಅದನ್ನೇ ಸೂಜಿ ಮಾಡಿ, ಅವನ ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಸಿಬಿರನ್ನು ತೆಗೆದಳು. ಕೀವು ಹಿಂಡಿ, ಇಬ್ಬನಿಯಿಂದ ತೊಳೆದು, ಸೆರಗು ಹರಿದು ಕಟ್ಟಿದಳು. ಆಮೇಲೆ ಮಡಿಲಿನ ಪಾಲನ್ನು ತೆಗೆದು ಅವನ ಕೈಗಿತ್ತಳು. ನಿಮ್ಮದೆಲ್ಲಿ ಎಂದು ಅವನು ಕೇಳಲು, ಕೆಂಚಜ್ಜಿ ಕಟ್ಟಿದ ಗಂಟಲಲ್ಲೇ ನಡೆದದ್ದನ್ನು ಹೇಳಿದಳು. ಹಲಗಯ್ಯನು ಆ ಚೂರನ್ನೇ ಮುರಿದು, ಮೊದಲು ಹಾದಿಯಮ್ಮನಿಗೆಂದು ಒಂದು ಕಣವನ್ನು ನೆಲಕ್ಕಿಟ್ಟು, ಉಳಿದದ್ದನ್ನು ಹಂಚಿದನು. ಮೂವರೂ ಕೂಡಿ ತಿಂದರು.

ತಿಂದು ಕೈ ಒರೆಸಿಕೊಳ್ಳುವಷ್ಟರಲ್ಲಿ ಹಾದಿಯಮ್ಮನು ಪ್ರಸನ್ನಳಾದಳು. ಮೂವರೂ ಬೆಳೆ ಏಳುವಂತೆ ಎದ್ದು ತಮ್ಮ ತಮ್ಮ ಎತ್ತರಕ್ಕೆ ಬಂದು, ನೋಡಿಕೊಂಡರೆ ಒಂದು ಕೂಗಿನ ದೂರದಲ್ಲೇ ಕಲ್ಲು ಕಾಣುತ್ತಿದೆ. ಹೋಗಿ, ತಪ್ಪಾಯಿತು ತಾಯೀ ಎಂದು ಅಡ್ಡಬಿದ್ದು, ಹೊರೆಯನ್ನು ದ್ಯಾವಮ್ಮನೂ ಕೆಂಚಜ್ಜಿಯೂ ಹಂಚಿಕೊಂಡು, ಹಲಗಯ್ಯನಿಗೆ ಊರುಗೋಲು ಕೊಟ್ಟು, ಅವನ ಹೆಜ್ಜೆಗೆ ತಕ್ಕ ಹೆಜ್ಜೆಯಿಟ್ಟು ಪಟ್ಟಣ ಸೇರಿದರು. ಅಲ್ಲಿ ಅರಮನೆಯ ಕಣಜಕ್ಕೆ ಅವರ ಮೊರ ಮೆಚ್ಚಿಗೆಯಾಗಿ, ಮನೆಯಾಯಿತು, ಹಿತ್ತಿಲಾಯಿತು, ಹಿತ್ತಿಲ ತುಂಬ ಹಸಿ ಬಿದಿರಾಯಿತು, ತೊಟ್ಟಿಲು ತೂಗಿತು. ವರ್ಷ ವರ್ಷವೂ ಕಾರ್ತಿಕದ ಮಂಗಳವಾರ ಬಿಡದೆ ವ್ರತ ನಡೆಸಿದರು. ದ್ಯಾವಮ್ಮನ ನಾಲಿಗೆ ಮೆತ್ತಗಾಯಿತೆಂದು ಯಾರೂ ತಿಳಿಯಬಾರದು, ಅದು ಕೊನೆಯ ತನಕ ಹಾಗೆಯೇ ಇತ್ತು. ಹಾದಿಯಮ್ಮನು ಅದನ್ನು ದೋಷವೆಂದು ಎಣಿಸಲಿಲ್ಲ.

ಆದ್ದರಿಂದ ಈ ಕಥೆಯನ್ನು ಓದಿದವರಿಗೆ, ಓದಿಸಿದವರಿಗೆ, ಭಕ್ತಿಯಿಂದ ಕೇಳಿದವರಿಗೆ, ಮನೆಗೆಲಸ ಬಿದ್ದಿದೆಯಲ್ಲಾ ಎಂದು ಒಳಗೊಳಗೇ ಚಡಪಡಿಸುತ್ತ ಕೇಳಿದವರಿಗೂ, ದ್ಯಾವಮ್ಮನಿಗೆ ಬಂದ ಫಲವೇ ಬರಲಿ. ದೂರ ಹೋದವರು ಕ್ಷೇಮವಾಗಿ ಬರಲಿ, ನೋವುಂಡವರಿಗೆ ಹೇಳಿಕೊಳ್ಳುವ ಧೈರ್ಯ ಬರಲಿ, ಕೇಳುವವರಿಗೆ ತಾಳ್ಮೆ ಬರಲಿ. ತಾಯೀ ಹಾದಿಯಮ್ಮಾ, ನಮ್ಮಲ್ಲಿ ಯಾರನ್ನೂ ದಾರಿಯಲ್ಲಿ ಒಬ್ಬರನ್ನೇ ಬಿಡಬೇಡ. ಅಕ್ಷತೆ ಹಾಕಿ ಕೈಮುಗಿಯಿರಿ.