ಅಲುಗದ ಮಿಡತೆ

ಅರಿಶಿನದ ಎಲೆಯ ಮೇಲೆ ಕೂತಿದ್ದ ಮರಿ ಮಿಡತೆಯ ಮೂಗಿಗೆ ಮೂಗು ತಾಗುವಷ್ಟು ಹತ್ತಿರ ಒಂದು ಕ್ಯಾಮೆರಾ ಬಂದು ನಿಂತಿತು. ಮುಂದೇನಾಯಿತು, ಊಹಿಸಿ ನೋಡೋಣ. ಫೋಟೊ ಬಂತು ಅಂತೀರಿ. ಬಂತು, ಸ್ವಾಮಿ, ಆದರೆ ಯಾರದ್ದು ಅನ್ನೋದೇ ತಮಾಷೆ.

"ಅಲುಗಬೇಡ ಮರಿ," ಎಂದಿತು ಕ್ಯಾಮೆರಾ. "ಇಷ್ಟು ಹತ್ತಿರದಲ್ಲಿ ನಿನ್ನ ಮೀಸೆ ಮಿಸುಕಿದರೂ ಚಿತ್ರ ಮಸುಕಾಗುತ್ತದೆ."

"ಹೇಗೆ ಸುಮ್ಮನಿರಲಿ ಮಾವ? ತಮ್ಮನ ಅಂಗಿ ತೊಟ್ಟ ಹಾಗೆ ಮೈಯೆಲ್ಲ ಬಿಗಿಯುತ್ತಿದೆ. ಈಗಲೇ ತಲೆಕೆಳಗಾಗಿ ಜೋತುಬಿದ್ದು ಈ ಚರ್ಮ ಕಳಚದಿದ್ದರೆ ರೆಕ್ಕೆ ಒಳಗೇ ಮುದುಡಿಹೋಗುತ್ತದೆ."

"ರೆಕ್ಕೆ ನಾಳೆ ಬರಲಿ. ಈ ಮುದ್ದು ಮುಖ ಮತ್ತೆ ಬರುತ್ತದೆಯೇ? ಅದನ್ನು ನಾನು ಉಳಿಸುತ್ತೇನೆ."

"ನಿಮ್ಮ ಹತ್ತಿರ ಉಳಿದರೆ ನಾನು ಹಾರುವುದು ಯಾವಾಗ?" ಎನ್ನುತ್ತ ಮರಿ ಎಲೆಯಡಿಗೆ ಜಾರಿತು.

ಅಷ್ಟರಲ್ಲಿ ಮೋಡ ಕವಿಯಿತು. ಬೆಳಕು ಬರುವವರೆಗೆ ಕ್ಯಾಮೆರಾ ಗೊಣಗುತ್ತ ಕಾದು, ಆಮೇಲೆ ಎಲೆಯಡಿಗೆ ಬಗ್ಗಿ ನೋಡಿತು. ಮರಿ ಅಲ್ಲೇ ಜೋತುಬಿದ್ದಿತ್ತು. ಮುಖ ಕೊಂಚ ಬಿಳಿಚಿಕೊಂಡಿತ್ತು, ಆದರೆ ಮೀಸೆಯೂ ಮಿಸುಕುತ್ತಿರಲಿಲ್ಲ.

"ಈಗ ಜಾಣಮರಿ. ಕೊನೆಗೂ ಮಾತು ಕೇಳಿದೆ," ಎಂದು ಹಿಗ್ಗಿದ ಕ್ಯಾಮೆರಾ ಒಂದರ ಮೇಲೊಂದು ಚಿತ್ರ ತೆಗೆಯಿತು.

"ಅದು ಕೇಳದೆ ಏನು ಮಾಡೀತು ಮಾವ? ಅದರೊಳಗೆ ಯಾರೂ ಇಲ್ಲ," ಎಂದಿತು ನೆತ್ತಿಯ ಮೇಲಿಂದ ಒಂದು ದನಿ. ಮಿಡತೆ ಅಲ್ಲಿ ಹೊಸ ರೆಕ್ಕೆ ಒಣಗಿಸಿಕೊಳ್ಳುತ್ತಿತ್ತು. ಕ್ಯಾಮೆರಾ ತಲೆಯೆತ್ತುವಷ್ಟರಲ್ಲಿ ಅದು ಹಾರಿಹೋಯಿತು.

ಇದೆಲ್ಲ ನಡೆದದ್ದು ಯಾವತ್ತು ಅಂದಿರಾ? ಪೊರೆ ಬಿಡುವವರಿಗೆ ಊರೇ ಹಾಲೆರೆಯುವ ದಿನ, ಶ್ರಾವಣ ಶುದ್ಧ ಪಂಚಮಿ, ಸೋಮವಾರ.